ಏಕಾದಶಿ ಬಾಯಿ ರುಚಿ ನೋಡಿದ ಗಂಜಿ

ಸ್ವಲ್ಪ ಈಚೆ ಸರಿದು ಕೂತುಕೊಳ್ಳಿ. ಇನ್ನೂ ಈಚೆ. ಆ ಬಾಗಿಲು ಮುಂದೆ ಮಾಡಿ. ಈಗ ಹೇಳುವ ಮಾತು ನಾಲ್ಕು ಗೋಡೆ ದಾಟಬಾರದು. ಮಕ್ಕಳ ಮೇಲೆ ಆಣೆ ಇಡಿ ಅನ್ನುವುದಿಲ್ಲ, ಆದರೆ ನಿಮ್ಮ ನಾದಿನಿಗೆ ಮಾತ್ರ ಹೇಳಬೇಡಿ. ಆಕೆಗೆ ಹೇಳಿದರೆ ಸಂಜೆಯೊಳಗೆ ಹಿಟ್ಟಿನ ಗಿರಣಿಯಲ್ಲಿ ಪಾಳಿ ನಿಂತವರೆಲ್ಲ ಕೇಳಿರುತ್ತಾರೆ. ಮೊಬೈಲಿನಲ್ಲಿ ಯಾರಿಗೂ ಕಳಿಸಬೇಡಿ. ಕಳಿಸಲೇಬೇಕು ಅನ್ನಿಸಿದರೆ ಹೇಳಿದವಳ ಹೆಸರು ತೆಗೆದು ಕಳಿಸಿ.

ಒಂದು ಊರು. ಆ ಊರಲ್ಲಿ ರಂಗಾರಿ ಓಣಿ. ಬಟ್ಟೆಗೆ ಬಣ್ಣ ಹಾಕುವವರು, ಬಟ್ಟೆ ಹೊಲಿಯುವವರು ಇರುವ ಓಣಿ. ಕೊನೆಗೆ ವಿಠೋಬನ ಗುಡಿ, ಅದರಾಚೆ ಮಸೀದಿ, ಮಸೀದಿಯ ಹಿಂದಿನ ರಸ್ತೆಗೆ ಇಗರ್ಜಿ. ಓಣಿಯ ನಡುವೆ ನಾಲ್ಕು ಮನೆಯ ಒಂದು ಚಾಳು. ನಾಲ್ಕು ಮನೆಗೂ ಒಂದೇ ನಲ್ಲಿ, ಒಂದೇ ಹಿತ್ತಲು. ಅಷ್ಟು ಹತ್ತಿರ ಇದ್ದ ಮೇಲೆ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ಗುಟ್ಟಾಗಿ ಉಳಿಯುವುದಿಲ್ಲ.

ಮೊದಲ ಮನೆ ಅನಸೂಯಾಬಾಯಿಯದು. ಗಂಡ ಹೊಲಿಗೆ ಅಂಗಡಿಯವನು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅನಸೂಯಾಬಾಯಿಗೆ ಓಣಿ ಇಟ್ಟ ಹೆಸರು ಏಕಾದಶಿ ಬಾಯಿ. ತಿಂಗಳಿಗೆ ಎರಡು ಏಕಾದಶಿ, ಎರಡಕ್ಕೂ ಉಪವಾಸ. ಅದೆಂಥ ಉಪವಾಸ ಅಂತೀರಿ? ಸಾಬುದಾಣಿ ಖಿಚಡಿ ಇಲ್ಲ, ಬಾಳೆಹಣ್ಣಿಲ್ಲ, ಹಾಲಿಲ್ಲ, ಹನಿ ನೀರೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲ. ಹಾಗಂತ ಓಣಿಯೆಲ್ಲ ಹೇಳುತ್ತಿತ್ತು. ಓಣಿಗೆ ಹೇಳಿದವರು ಯಾರು? ಅನಸೂಯಾಬಾಯಿಯೇ.

ಗುಡಿಯ ಭಜನೆಯಲ್ಲಿ ಆಕೆಗೆ ಮುಂದಿನ ಸಾಲು. ಆರತಿ ಮೊದಲು ಆಕೆಯ ಮುಂದೆ ಬರಬೇಕು. ಓಣಿಗೆ ಹೊಸ ಸೊಸೆ ಬಂದರೆ ಅತ್ತೆ ಕೈ ಹಿಡಿದು ಕರೆತಂದು, "ಇವರ ಕಾಲಿಗೆ ಬೀಳು, ಇವರ ಹಂಗ ಉಪಾಸ ಮಾಡಾಕ ಕಲಿ" ಅನ್ನುತ್ತಿದ್ದಳು. ಆ ಸೊಸೆ ಬಗ್ಗಿ ಏಳುವಷ್ಟರಲ್ಲಿ ಅನಸೂಯಾಬಾಯಿಯ ಮುಖ ಅರಳಿ ಮೊರದಗಲ ಆಗುತ್ತಿತ್ತು.

ಈಗ ಗುಟ್ಟು ಕೇಳಿ. ಮೂರು ವರ್ಷದ ಹಿಂದೆ ಒಂದು ಏಕಾದಶಿಯ ದಿನ ಈ ಬಾಯಿ ನಲ್ಲಿಯ ಹತ್ತಿರ ಕಣ್ಣು ಮೇಲೆ ಮಾಡಿ ಬಿದ್ದಳು. ಬಿಸಿಲಿನ ಝಳ ಅಂತ ಎಲ್ಲರಿಗೂ ಹೇಳಿದಳು. ಬಿಸಿಲೂ ಅಲ್ಲ, ಝಳವೂ ಅಲ್ಲ. ಸಕ್ಕರೆ ಕಾಯಿಲೆ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಬಾಯಾರ, ಈ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಇರುವಂತಿಲ್ಲ. ನಿಮ್ಮ ದೇವರು ಒಪ್ಪಿದರೂ ನಿಮ್ಮ ರಕ್ತ ಒಪ್ಪುವುದಿಲ್ಲ."

ಇದೇನು ನಾಚಿಕೆಯ ಮಾತೇ? ಹೊರಗೆ ಬಂದು ಹೇಳಿದ್ದರೆ ಯಾರಾದರೂ ಆಕೆಗೆ ಕಲ್ಲು ಹೊಡೆಯುತ್ತಿದ್ದರೇ? ಆದರೆ ಮುಂದಿನ ಸಾಲು ಏನಾಗಬೇಕು? ಮೊದಲ ಆರತಿ ಏನಾಗಬೇಕು? ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡದ್ದು ಮಾತಿಗೆ ಮಾತ್ರ, ಊಟಕ್ಕಲ್ಲ.

ಅಂದಿನಿಂದ ಏಕಾದಶಿ ಬಂತೆಂದರೆ ಎಂಟು ಗಂಟೆಗೆ ಬಾಗಿಲು ಹಾಕಿ ದೇವರ ಕೋಣೆ ಸೇರುತ್ತಿದ್ದಳು. ಒಗ್ಗರಣೆ ಹಾಕಿದರೆ ವಾಸನೆ ಹೊರಗೆ ಹೋಗುತ್ತದೆ. ಅದಕ್ಕೇ ಮೊಸರವಲಕ್ಕಿ. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಮೊಸರವಲಕ್ಕಿ. ಹೊರಗೆ ನೀರು ಹಿಡಿಯುವವರು, "ಎಂಥಾ ಪೂಜಿ ನೋಡ್ರಿ" ಅಂತ ಕೈ ಮುಗಿಯುವುದು. ಒಳಗೆ ಈಕೆ ಮೆಲ್ಲುವುದು. ವಿಠೋಬ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಲ್ಲುವುದು. ಗಂಡನಿಗೂ ಗೊತ್ತಿಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಗೊತ್ತು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ತನ್ನ ಹೊಟ್ಟೆ ತುಂಬಿದ ಮೇಲೆ ಆಕೆಗೆ ಪಕ್ಕದವರ ಹೊಟ್ಟೆಯ ಕಾವಲು ಬೇರೆ. ಎರಡನೇ ಮನೆಯ ಸಿಸಿಲಿಯಮ್ಮ ಇಗರ್ಜಿಯವಳು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಅವರಿಗೆ ತಪಸ್ಸುಕಾಲ. ಆ ದಿನಗಳಲ್ಲೇ ಒಂದು ಭಾನುವಾರ ಆಕೆ ಮೀನು ಹುರಿದಳು ಅಂತ ಅನಸೂಯಾಬಾಯಿ ಓಣಿ ತುಂಬ ಸಾರಿದಳು. ಸಿಸಿಲಿಯಮ್ಮ ಶಾಂತವಾಗಿಯೇ ಹೇಳಿದ್ದಳು: "ಬಾಯಾರ, ಭಾನುವಾರ ನಮಗ ಪ್ರಭುವಿನ ದಿನ. ಅದು ಆ ನಲವತ್ತರಾಗ ಬರೂದಿಲ್ಲ."

"ಚೊಲೋ ಅನುಕೂಲದ ದೇವರು ಬಿಡವ್ವ ನಿಮ್ಮದು," ಅಂದಿದ್ದಳು ಈಕೆ.

ಮೂರನೇ ಮನೆಯ ಸೋಹನಬಾಯಿ ಜೈನರಾಕೆ. ವರ್ಷವಿಡೀ ಒಂದು ದಿನ ಊಟ, ಮರುದಿನ ಬರೀ ಕಾಯಿಸಿದ ನೀರು, ಹೀಗೊಂದು ಕಠಿಣ ವ್ರತ ಹಿಡಿದಿದ್ದಳು. ಮೈ ಇಳಿದು ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಕೆಯನ್ನೂ ಬಿಡಲಿಲ್ಲ. "ಒಂದು ದಿನ ಬಿಟ್ಟು ಒಂದು ದಿನ ಉಂಡರ ಅದು ಉಪಾಸ ಅಲ್ಲ, ರೇಷನ್ ಉಳಿತಾಯ" ಅಂದುಬಿಟ್ಟಳು. ಪಾಪ, ಸೋಹನಬಾಯಿ ಬಳೆ ಮೇಲೆ ಸರಿಸಿಕೊಂಡು ಒಳಗೆ ಹೋದಳು.

ನಾಲ್ಕನೇ ಮನೆ ಹುಸೇನಬಿಯದು. ಕಥೆ ಇರುವುದು ಅಲ್ಲಿಯೇ.

ಹುಸೇನಬಿಯ ಗಂಡ ದಾವಲಸಾಬ. ರಂಜಾನ್ ತಿಂಗಳು ಪೂರ್ತಿ ಮಸೀದಿಗೆ ಗಂಜಿ ಮಾಡುವ ಕೆಲಸ ಇಪ್ಪತ್ತೈದು ವರ್ಷದಿಂದ ಅವನದು. ಇದೇ ಹಿತ್ತಲಲ್ಲಿ ಇಟ್ಟಿಗೆ ಒಲೆ, ತಾಮ್ರದ ಹಂಡೆ. ಅಕ್ಕಿನುಚ್ಚು, ಹೆಸರುಬೇಳೆ, ಮೆಂತ್ಯ, ಬೆಳ್ಳುಳ್ಳಿ, ಕೊನೆಗೆ ತೆಂಗಿನಹಾಲು. ಮಾಂಸ ಹಾಕುತ್ತಿರಲಿಲ್ಲ, ಚಾಳಿನವರೂ ಒಂದೊಂದು ಬಟ್ಟಲು ಕುಡಿಯಲಿ ಅಂತ. ದಿನವಿಡೀ ರೋಜಾ ಇದ್ದವರು ಸಂಜೆ ಅಜಾನ್ ಕೂಗಿದಾಗ ಖರ್ಜೂರ ತಿಂದ ಮೇಲೆ ಬಾಯಿಗೆ ಇಡುತ್ತಿದ್ದದ್ದು ಆ ಗಂಜಿ.

ಕಳೆದ ಶ್ರಾವಣದಲ್ಲಿ ದಾವಲಸಾಬ ತೀರಿಕೊಂಡ. ಈ ವರ್ಷ ರಂಜಾನ್ ಹತ್ತಿರ ಬಂದಾಗ ಹುಸೇನಬಿ ಮಸೀದಿ ಕಮಿಟಿಯ ಹಿರಿಯ ಮಕ್ತುಮಸಾಬರ ಮನೆಗೆ ಹೋಗಿ ನಿಂತಳು.

"ಚಾಚಾ, ಅವರ ಸೌಟು ನನಗ ಕೊಡ್ರಿ," ಅಂದಳು.

ಕಮಿಟಿಯಲ್ಲಿ ಕೆಲವರು ಮೂಗು ಮುರಿದರು. ನಾನೂರು ಜನರ ಅಡುಗೆ ಹೆಣ್ಣುಮಗಳ ಕೈಲಾದೀತೇ ಅಂದರು. ಮಕ್ತುಮಸಾಬರು, "ದಾವಲಸಾಬ ಹಂಡೆ ಮುಂದ ನಿಂತಾಗ ಬೆಂಕಿ ನೋಡಿಕೊಂಡಾಕಿ ಯಾರು? ಈಕಿನ," ಅಂತ ಒಪ್ಪಿಸಿದರು. ಹುಸೇನಬಿಗೆ ಅದು ಬರೀ ಕೆಲಸವಲ್ಲ. ಆ ಒಲೆಯ ಮುಂದೆ ನಿಂತರೆ ಗಂಡ ಇನ್ನೂ ಪಕ್ಕದಲ್ಲಿ ನಿಂತು "ಉರಿ ಸಣ್ಣ ಮಾಡು" ಅಂದಂತೆ ಆಗುತ್ತಿತ್ತು.

ಆದರೆ ಮೊದಲ ಶುಕ್ರವಾರವೇ ಎಡವಿದಳು. ಉಪ್ಪು ಹೆಚ್ಚಾಯಿತು. ಹಸಿದವರು ಕಣ್ಣು ಮುಚ್ಚಿ ಕುಡಿದು ನೀರಿನ ಕೊಡಕ್ಕೆ ಮುತ್ತಿದರು. ಮಕ್ತುಮಸಾಬರು ಮರುದಿನ ಬಂದು ತಲೆ ತಗ್ಗಿಸಿ ಹೇಳಿದರು:

"ಬೇಟಿ, ಬರೋ ಜುಮ್ಮಾ ದಿನ ಪರ ಊರಿಂದ ಮಂದಿ ಬರ್ತಾರ. ಎರಡು ಹಂಡೆ ಗಂಜಿ ಬೇಕು. ಅವತ್ತೂ ಹಿಂಗಾದ್ರ ನನ್ನ ಮಾತು ನಡಿಯಂಗಿಲ್ಲ. ಮದುವಿ ಅಡಿಗಿ ಮಾಡೋ ಮಂದಿಗೆ ಹೇಳಿಬಿಡ್ತಾರ."

ನೀವು ಕೇಳಬಹುದು, ಇಷ್ಟೆಲ್ಲ ರಗಳೆ ಯಾಕೆ, ಒಂದು ಹನಿ ರುಚಿ ನೋಡಿದರಾಯಿತಲ್ಲ ಅಂತ. ರೋಜಾ ಇದ್ದವಳು ಹೇಗೆ ನೋಡಿಯಾಳು? ಅಡುಗೆ ಮಾಡುವವರು ನಾಲಿಗೆ ತುದಿಗೆ ತಾಗಿಸಿ ಉಗುಳಿದರೆ ತಪ್ಪಿಲ್ಲ ಅಂತ ಅವರ ಹಿರಿಯರೇ ಹೇಳುತ್ತಾರಂತೆ. ಆದರೆ ದಾವಲಸಾಬ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ತಾಗಿಸಿರಲಿಲ್ಲ. ಅವನ ಸೌಟು ಹಿಡಿದ ಮೇಲೆ ತಾನೂ ತಾಗಿಸುವುದಿಲ್ಲ ಅಂತ ಈಕೆಯ ಹಟ. ಅದಕ್ಕೇ ಮರುದಿನದಿಂದ ಸಿಸಿಲಿಯಮ್ಮನನ್ನು ಕರೆದಳು. ಸಿಸಿಲಿಯಮ್ಮ ದಿನಾ ಐದು ಗಂಟೆಗೆ ಬಂದು, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, "ಇನ್ನೊಂದು ಚಿಟಿಕೆ" ಅನ್ನುವಳು, "ಸಾಕು, ಇಳಿಸು" ಅನ್ನುವಳು. ಐದು ದಿನ ಹಂಡೆ ಖಾಲಿಯಾಗಿ ಬಂತು. ಒಂದು ಹಂಡೆಗೆ ತೆಂಗಿನ ಚಿಪ್ಪಿನಲ್ಲಿ ಎರಡು ಚಿಪ್ಪು ಉಪ್ಪು ಸರಿ ಅಂತ ಹುಸೇನಬಿಗೆ ಅಳತೆಯೂ ಸಿಕ್ಕಿತು.

ಆಮೇಲೆ ಆ ಶುಕ್ರವಾರ ಬಂತು.

ಬಂದದ್ದಾದರೂ ಹೇಗೆ ನೋಡಿ. ಮಸೀದಿಗೆ ರಂಜಾನಿನ ಜುಮ್ಮಾ. ಇಗರ್ಜಿಗೆ ತಪಸ್ಸುಕಾಲದ ಶುಕ್ರವಾರ, ಸಿಸಿಲಿಯಮ್ಮನಿಗೆ ಸಂಜೆಯ ಶಿಲುಬೆಹಾದಿ ಪ್ರಾರ್ಥನೆ ಮುಗಿಯುವವರೆಗೆ ನೀರು ಮಾತ್ರ. ಸೋಹನಬಾಯಿಗೆ ಊಟ ಬಿಡುವ ದಿನ. ಅದರ ಮೇಲೆ ಪಂಚಾಂಗದಲ್ಲಿ ಫಾಲ್ಗುಣದ ಏಕಾದಶಿ. ಎಲ್ಲ ದೇವರೂ ಸೇರಿ ಮಾತಾಡಿಕೊಂಡಂತೆ ಒಂದೇ ದಿನ ಇಡೀ ಚಾಳಿನ ಹೊಟ್ಟೆ ಖಾಲಿ. ಒಂದೇ ಒಂದು ಹೊಟ್ಟೆ ಬಿಟ್ಟು. ಅದು ಯಾರದು ಅಂತ ನಿಮಗೀಗ ಗೊತ್ತು. ಆದರೆ ಆಗ ಯಾರಿಗೂ ಗೊತ್ತಿರಲಿಲ್ಲ.

ಹುಸೇನಬಿ ಹೆದರಲಿಲ್ಲ. ಅಳತೆ ಗೊತ್ತಿದೆಯಲ್ಲ. ಎರಡು ಹಂಡೆಗೆ ನಾಲ್ಕು ಚಿಪ್ಪು ಉಪ್ಪು ಅಳೆದು ಒಂದು ತಾಟಿನಲ್ಲಿ ಇಟ್ಟುಕೊಂಡಳು. ಸರಿಯಾಗಿ ಹಾಕಿದರೆ ರುಚಿ ನೋಡುವ ಮಾತೇ ಬರುವುದಿಲ್ಲ. ಚಿಪ್ಪು ಕೈಗೆ ತೆಗೆದುಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ಅನಸೂಯಾಬಾಯಿ ಸೆರಗಿನಿಂದ ತುಟಿ ಒರೆಸಿಕೊಂಡು ಹಿತ್ತಲಿಗೆ ಬಂದಳು.

"ಅಗಬಾಯಿ, ಏನು ಬಿಸಿಲು! ಗಂಟಲು ಒಣಗಿ ಕಟ್ಟಿಗಿ ಆಗೇತಿ ಹುಸೇನಬಿ. ಬೆಳಗಿನಿಂದ ಒಂದು ಹನಿ ಇಲ್ಲ."

"ನನಗೂ ಇಲ್ರಿ ಬಾಯಾರ," ಅಂತ ಹುಸೇನಬಿ ನಕ್ಕು ಒಂದು ಚಿಪ್ಪು ಹಾಕಿದಳು.

"ನಿಮ್ಮದೇನ ತಗೋ. ನಸಕಿನಾಗ ಎದ್ದು ಉಣ್ತೀರಿ, ಹೊತ್ತು ಮುಳುಗಿದ ಮ್ಯಾಲೆ ಮತ್ತ ಉಣ್ತೀರಿ. ನಮ್ಮದು ನಾಳೆ ಬೆಳಗಿನ ತನಕ."

ಹುಸೇನಬಿ ಇನ್ನೊಂದು ಚಿಪ್ಪು ಹಾಕಿದಳು. ಮಾತಿಗೆ ಜವಾಬು ಬರಲಿಲ್ಲ ಅಂದರೆ ಅನಸೂಯಾಬಾಯಿಗೆ ನೆಮ್ಮದಿ ಇಲ್ಲ. ಇನ್ನಷ್ಟು ಹತ್ತಿರ ಬಂದು ದನಿ ಇಳಿಸಿದಳು.

"ಕೇಳಿಯೇನ? ಸಿಸಿಲಿಯಮ್ಮ ಮೀನು ಹುರಿದದ್ದು ತಾನು ಒಬ್ಬಾಕಿ ತಿನ್ನಾಕ ಅಲ್ಲಂತ. ಬೀಗರನ್ನ ಕರಿಸಿದ್ಲಂತ. ಉಪಾಸದ ದಿನದಾಗ ಬೀಗರೂಟ!"

ಹುಸೇನಬಿಗೆ ಸಹಿಸಲಾಗಲಿಲ್ಲ. ಐದು ದಿನ ತನ್ನ ಮಾನ ಕಾಪಾಡಿದವಳ ಮೇಲೆ ಮಾತು. ಹಂಡೆಯ ಕಡೆ ಬೆನ್ನು ಮಾಡಿ, "ಹಂಗೆಲ್ಲ ಅನಬ್ಯಾಡ್ರಿ ಬಾಯಾರ. ಅವರ ಭಾನುವಾರ ಬ್ಯಾರೆ. ಅವರ ಧರ್ಮ ಅವರಿಗೆ ಗೊತ್ತಿರತೈತಿ, ನಮಗೇನು ಗೊತ್ತು?" ಅಂದಳು. ಅನ್ನುತ್ತಲೇ ಕೈ ಹಿಂದೆ ಚಾಚಿ ಚಿಪ್ಪು ಸುರಿದಳು. ಅನಸೂಯಾಬಾಯಿ ಮತ್ತೊಂದು ಅಂದಳು. ಈಕೆ ಮತ್ತೊಂದು ಜವಾಬು ಕೊಟ್ಟಳು. ತಿರುಗಿ ನೋಡಿದರೆ ತಾಟು ಖಾಲಿ.

ಮರದ ಹುಟ್ಟು ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟಳು.

"ಬಾಯಾರ, ನಾ ಈ ಹಂಡೆಕ್ಕ ಹಾಕಿದ್ನೇನು, ಆ ಹಂಡೆಕ್ಕ ಹಾಕಿದ್ನೇನು?"

"ನನಗೇನು ಗೊತ್ತವ್ವ? ನಾ ನಿನ್ನ ಮಾರಿ ನೋಡ್ತಿದ್ದೆ."

ನಾಲ್ಕು ಚಿಪ್ಪು ಉಪ್ಪು ಹೋಗಿದೆ. ಎರಡು ಎರಡು ಹೋಗಿದೆಯೋ, ನಾಲ್ಕೂ ಒಂದಕ್ಕೇ ಹೋಗಿದೆಯೋ, ಮೂರು ಒಂದು ಆಗಿದೆಯೋ, ಯಾರಿಗೆ ಗೊತ್ತು? ಎರಡು ಹಂಡೆಯೂ ಒಂದೇ ಬಣ್ಣ, ಒಂದೇ ಹಬೆ. ಹುಸೇನಬಿ ಬಗ್ಗಿ ಮೂಸಿದಳು. ಬೆಳ್ಳುಳ್ಳಿಯ ವಾಸನೆ ಬಂತು. ಉಪ್ಪಿಗೆ ಎಲ್ಲಿಯ ವಾಸನೆ?

ಸಿಸಿಲಿಯಮ್ಮ ಪ್ರಾರ್ಥನೆ ಪುಸ್ತಕ ಹಿಡಿದು ಇಗರ್ಜಿಗೆ ಹೊರಟಿದ್ದವಳು ಅಲ್ಲೇ ನಿಂತಳು. ಅವಳ ಕಣ್ಣಲ್ಲಿ ನೀರು. "ನಾ ನೋಡಬಹುದಿತ್ತು ಹುಸೇನಬಿ, ಆದ್ರ ಇವತ್ತ..." ಅಂದಳು. "ಬ್ಯಾಡ್ರಿ ಅಕ್ಕಾರ, ನೀವು ಹೋಗ್ರಿ," ಅಂದಳು ಹುಸೇನಬಿ. ಸಿಸಿಲಿಯಮ್ಮನ ಮೂರು ವರ್ಷದ ಮೊಮ್ಮಗಳಿಗೆ ಒಂದೊಂದು ಚಮಚ ಕುಡಿಸಿದರು. ಅದು ಎರಡಕ್ಕೂ "ಖಾರ" ಅಂದು ಸಕ್ಕರೆ ಕೇಳಿತು. ಸೋಹನಬಾಯಿಗೆ ಆ ದಿನ ಬಾಯಿಗೇನೂ ಇಲ್ಲ, ಬೆಳ್ಳುಳ್ಳಿಯಂತೂ ಯಾವ ದಿನವೂ ಇಲ್ಲ. ಓಣಿಯಲ್ಲಿ ಯಾರನ್ನಾದರೂ ಕರೆಯೋಣ ಅಂದರೆ ಓಣಿ ತುಂಬ ವಿಠೋಬನ ಭಕ್ತರು. ಮನೆ ಮನೆಗೂ ಏಕಾದಶಿ.

ಅಷ್ಟರಲ್ಲಿ ಹಂಡೆ ಒಯ್ಯುವ ಕೈಗಾಡಿ ಬಂತು. ಹಿಂದೆ ಮಕ್ತುಮಸಾಬರು. ಬಿಸಿಲು ಗೋಡೆಯಿಂದ ಮೇಲೇರುತ್ತಿತ್ತು. ಅಜಾನ್‌ಗೆ ಮುಕ್ಕಾಲು ಗಂಟೆ.

ಅನಸೂಯಾಬಾಯಿ ಏನು ಮಾಡಿದಳು ಗೊತ್ತೇ? "ನನ್ನ ಜಪದ ಹೊತ್ತಾತು" ಅಂತ ಮೆಲ್ಲಗೆ ಮನೆಯ ಕಡೆ ಹೆಜ್ಜೆ ಹಾಕಿದಳು. ಹೌದು, ನಡೆದೇಬಿಟ್ಟಳು. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಿದ್ದಳು. ಹಿಂದಿನಿಂದ ಹುಸೇನಬಿಯ ಮಾತು ಕೇಳಿತು.

"ಚಾಚಾ, ಆ ಮದುವಿ ಅಡಿಗಿಯವರಿಗೆ ಹೇಳಿಬಿಡ್ರಿ. ಉಪ್ಪು ಹೆಚ್ಚು ಕಡಿಮಿ ಆಗೇತಿ. ತಪ್ಪು ನಂದ. ಮಾತಾಡಕೋತ ಹಾಕಿದೆ."

ಯಾರ ಜೊತೆ ಮಾತಾಡಿದೆ ಅಂತ ಹೇಳಲಿಲ್ಲ.

ಅನಸೂಯಾಬಾಯಿ ಕಾದು ನಿಂತಳು. ಈಗ ಹೇಳುತ್ತಾಳೆ, ಈಗ ನನ್ನ ಕಡೆ ಬೆರಳು ತೋರಿಸುತ್ತಾಳೆ ಅಂತ. ಹುಸೇನಬಿ ತೋರಿಸಲಿಲ್ಲ. ದಾವಲಸಾಬನ ಸೌಟು ಸೆರಗಿನಿಂದ ಒರೆಸಿ ಒಲೆಯ ದಂಡೆಯ ಮೇಲೆ ಇಟ್ಟಳು, ಇನ್ನು ಮುಟ್ಟುವುದಿಲ್ಲ ಅನ್ನುವಂತೆ. ಹೊಸ್ತಿಲ ಮೇಲಿನ ಆ ಕಾಲು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಆಮೇಲೆ ತಿರುಗಿ ದಡದಡ ಬಂದಳು.

"ತಾ ಇಲ್ಲಿ ಆ ಸೌಟು."

ಸೋಹನಬಾಯಿ, "ಬಾಯಿ, ಇವತ್ತು ಏಕಾದಶಿ!" ಅಂದಳು, ಆಕೆಗೇ ಮರೆತಿದೆಯೇನೋ ಅನ್ನುವಂತೆ. ಮಕ್ತುಮಸಾಬರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ತಾಯಿ, ನಮ್ಮ ಗಂಜಿಗಾಗಿ ನಿಮ್ಮ ಇಪ್ಪತ್ತೆರಡು ವರ್ಷದ ವ್ರತ ಬಿಡ್ತೀರಿ? ಇಂಥಾ ಮನಸ್ಸು ನಾ ಎಲ್ಲೂ ನೋಡಿಲ್ಲ. ಇವತ್ತು ಎಲ್ಲರ ಮುಂದ ನಿಮ್ಮ ಹೆಸರು ಹೇಳ್ತೀನಿ."

ನೋಡಿದಿರಾ? ಸುಮ್ಮನೆ ತಲೆ ತಗ್ಗಿಸಿ ಸೌಟು ಹಿಡಿದಿದ್ದರೆ ಸಾಕಿತ್ತು. ಇಷ್ಟು ದಿನ ಗುಡಿಯಲ್ಲಿ ಮಾತ್ರ ಹೆಸರು. ಇನ್ನು ಮೇಲೆ ಮಸೀದಿಯಲ್ಲೂ ಹೆಸರು, ಇಗರ್ಜಿಯಲ್ಲೂ ಹೆಸರು. ಪಕ್ಕದವಳಿಗಾಗಿ ವ್ರತ ಬಿಟ್ಟ ಮಹಾತಾಯಿ ಅಂತ ಪೇಪರಿನವರು ಫೋಟೋ ಹಿಡಿಯುತ್ತಿದ್ದರು. ಸುಳ್ಳು ತಾನಾಗಿ ಬಂದು ಮಡಿಲಲ್ಲಿ ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಸೆರಗು ಹೊದಿಸಿ ಇಟ್ಟುಕೊಳ್ಳುತ್ತಿದ್ದರು. ಅನಸೂಯಾಬಾಯಿಗೂ ಒಂದು ಗಳಿಗೆ ಆಸೆ ಆಯಿತು. ಸುಳ್ಳು ಯಾಕೆ ಹೇಳಲಿ, ಆಯಿತು.

ಆದರೆ ಹುಸೇನಬಿ ಸೌಟು ಎತ್ತಿ ಬೆನ್ನ ಹಿಂದೆ ಹಿಡಿದುಕೊಂಡಳು.

"ಇಲ್ರಿ ಬಾಯಾರ. ನಾ ಕೊಡಂಗಿಲ್ಲ. ನನ್ನ ರೋಜಾ ನನಗ ಎಷ್ಟು ದೊಡ್ಡದೋ ನಿಮ್ಮ ಏಕಾದಶಿ ನಿಮಗ ಅಷ್ಟು ದೊಡ್ಡದು. ನನ್ನ ಉಪ್ಪಿನ ಸಲುವಾಗಿ ನಿಮ್ಮ ದೇವರ ದಿನ ಮುರಿಯಾಕ ನಾ ಬಿಡಂಗಿಲ್ಲ. ಕೆಲಸ ಹೋದ್ರ ಹೋಗ್ಲಿ."

ಮನಸ್ಸಿನಿಂದ ಬಂದ ಮಾತು ಅದು. ಅನಸೂಯಾಬಾಯಿಯ ಕೈ ಚಾಚಿದ್ದು ಹಾಗೇ ಉಳಿಯಿತು.

"ಮುರಿಯಾಕ ಅದು ಇದ್ದರ ತಾನೆ, ಹುಸೇನಬಿ," ಅಂದಳು.

ಯಾರಿಗೂ ಅರ್ಥವಾಗಲಿಲ್ಲ.

"ನಾ ಉಂಡೀನಿ. ಎಂಟಕ್ಕ ಮೊಸರವಲಕ್ಕಿ ತಿಂದೆ. ಹನ್ನೆರಡಕ್ಕ ಮತ್ತೊಮ್ಮೆ ತಿಂದೆ. ಸಕ್ಕರೆ ಕಾಯಿಲೆ ಐತಿ ನನಗ, ಡಾಕ್ಟರು ಉಪಾಸ ಬ್ಯಾಡ ಅಂದಾರ. ಮೂರು ವರ್ಷದಿಂದ ಒಂದು ಏಕಾದಶಿನೂ ಮಾಡಿಲ್ಲ. ಮಾಡೀನಿ ಅಂತ ಹೇಳಿದ್ದಷ್ಟ ಖರೆ."

"ಮತ್ತ ಆ ಗಂಟಿ?" ಅಂದಳು ಸೋಹನಬಾಯಿ. ಆಕೆ ಪ್ರತಿ ಏಕಾದಶಿಗೂ ಆ ಗಂಟೆ ಕೇಳಿ ಕೈ ಮುಗಿದವಳು.

"ಅದು ಎಡಗೈಯಾಗ," ಅಂದಳು ಅನಸೂಯಾಬಾಯಿ.

ಗಾಡಿಯವನು ಮುಖ ಆ ಕಡೆ ತಿರುಗಿಸಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು. ಅನಸೂಯಾಬಾಯಿ ನಿಲ್ಲಿಸಲಿಲ್ಲ. ಶುರು ಮಾಡಿದ ಮೇಲೆ ಪೂರ್ತಿ ಹೇಳಿಬಿಡುವ ಜಾತಿ. ಮಕ್ತುಮಸಾಬರ ಕಡೆ ತಿರುಗಿ, "ಚಾಚಾ, ಈಕಿ ಮಾತಾಡಕೋತ ಹಾಕಿದೆ ಅಂದ್ಲಲ್ಲ, ಮಾತಾಡಿಸಿದಾಕಿ ನಾನ. ಸಿಸಿಲಿಯಮ್ಮನ ಮ್ಯಾಲೆ ಸುಳ್ಳು ಪಳ್ಳು ಹೇಳಕೋತ ನಿಂತಿದ್ದೆ. ಬೀಗರೂ ಬಂದಿಲ್ಲ, ಬೀಗರೂಟನೂ ಇಲ್ಲ. ತಪ್ಪು ನಂದು," ಅಂದಳು. ಆಮೇಲೆ ಹುಸೇನಬಿಗೆ, "ಇನ್ನರ ಕೊಡ್ತೀಯೋ ಇಲ್ಲೋ? ಹೊತ್ತು ಮುಳುಗತೈತಿ!" ಅಂತ ಗದರಿದಳು.

ಹುಸೇನಬಿ ಸೌಟು ಕೊಟ್ಟಳು.

ಮೊದಲ ಹಂಡೆ. ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಮುಖ ಹಿಂಡಿಹೋಯಿತು. "ಯವ್ವಾ! ಗಂಜಿ ಅಲ್ಲ ಇದು, ಉಪ್ಪಿನಕಾಯಿ ರಸ!" ಎರಡನೇ ಹಂಡೆ. "ಇದು ಆಸ್ಪತ್ರಿ ಗಂಜಿ. ಸಪ್ಪ ಅಂದ್ರ ಸಪ್ಪ." ನಾಲ್ಕು ಚಿಪ್ಪೂ ಒಂದಕ್ಕೇ ಹೋಗಿತ್ತು.

ಮುಂದೆ ನೋಡಬೇಕಿತ್ತು ಆಕೆಯ ದರ್ಬಾರು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೊಡ ತರ್ರಿ. ಆ ಹಂಡೆದು ಅರ್ಧ ಇಲ್ಲಿ ಸುರೀರಿ, ಇಲ್ಲಿದು ಅರ್ಧ ಅಲ್ಲಿ ಸುರೀರಿ. ಚಾಚಾ, ನೀವು ಸರೀರಿ, ಅಂಗಿಗೆ ಸಿಡಿತೈತಿ. ಸೋಹನಬಾಯಿ, ನೀ ಉರಿ ನೋಡು. ಹುಸೇನಬಿ, ತಿರುವು, ತಳದಿಂದ ತಿರುವು!" ಗಾಡಿಯವನು ಕೊಡ ಹೊತ್ತ. ಇಗರ್ಜಿಗೆ ಹೊರಟ ಸಿಸಿಲಿಯಮ್ಮ ಪುಸ್ತಕ ಕಿಟಕಿಯಲ್ಲಿ ಇಟ್ಟು ತಾನೂ ಒಂದು ಕೊಡ ಎತ್ತಿದಳು. ಅನಸೂಯಾಬಾಯಿ ಆ ಹಂಡೆಗೆ ಹೋಗಿ ನೆಕ್ಕುವಳು, ಈ ಹಂಡೆಗೆ ಬಂದು ನೆಕ್ಕುವಳು. "ಇದಕ್ಕ ಇನ್ನೊಂದು ತಂಬಿಗಿ ತೆಂಗಿನಹಾಲು. ಹಾಂ. ಇನ್ನೊಮ್ಮೆ ತಿರುವು. ಹಾಂ, ಹಾಂ. ಬಂತು ನೋಡು ರುಚಿ! ಎತ್ತರ್ರೀ ಹಂಡೆ!"

ಗಾಡಿ ಓಣಿ ದಾಟಿತು. ಇನ್ನೂ ಐದು ನಿಮಿಷ ಇರುವಾಗಲೇ ಮಸೀದಿ ಸೇರಿತು. ಅಜಾನ್ ಕೇಳಿತು. ಹಿತ್ತಲಿನ ಹೆಂಗಸರು ಉಸಿರು ಹಿಡಿದು ನಿಂತರು, ಇಲ್ಲಿಂದಲೇ ರುಚಿ ಗೊತ್ತಾಗುತ್ತದೇನೋ ಅನ್ನುವಂತೆ. ಹುಸೇನಬಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು. ಅದನ್ನು ಅಗಿಯುವುದನ್ನೂ ಮರೆತು ನಿಂತಿದ್ದಳು.

ನಮಾಜು ಮುಗಿದ ಮೇಲೆ ಗಾಡಿಯ ಸದ್ದು ಬಂತು. ಮುಂದೆ ಮಕ್ತುಮಸಾಬರು. ಆ ವಯಸ್ಸಿನಲ್ಲಿ ಅಷ್ಟು ಬೇಗ ನಡೆದದ್ದನ್ನು ಯಾರೂ ನೋಡಿರಲಿಲ್ಲ.

"ತಳ ಕೆರೆದಾರ ಬೇಟಿ, ತಳ! ಪರ ಊರಿನವರು ಯಾರು ಮಾಡಿದ್ದು ಅಂತ ಕೇಳಿದ್ರು. ದಾವಲಸಾಬನ ಮನಿಯಾಕಿ ಅಂದೆ. ಮೂಗು ಮುರಿದವರೂ ಮೂರು ಮೂರು ಬಟ್ಟಲು ಕುಡದಾರ. ಈ ವರ್ಷ ಅಷ್ಟ ಅಲ್ಲ, ನಿನ್ನ ಕೈಯಾಗ ಶಕ್ತಿ ಇರೋ ತನಕ ಈ ಹಂಡೆ ನಿಂದು."

ಹುಸೇನಬಿ ಖಾಲಿ ಹಂಡೆಯೊಳಗೆ ಇಣುಕಿ ನೋಡಿದಳು. ಬಗ್ಗಿದವಳು ಏಳಲಿಲ್ಲ. ಹಂಡೆಯೊಳಗೆ ಮುಖ ಇಟ್ಟುಕೊಂಡು ನಕ್ಕಳೋ ಅತ್ತಳೋ, ಸದ್ದು ಮಾತ್ರ ಗುಂಯ್ ಅಂತ ಹಿತ್ತಲೆಲ್ಲ ತುಂಬಿತು.

ಇನ್ನು ಗುಡಿಯ ಸುದ್ದಿ. ಅದನ್ನು ಕೇಳಲಿಕ್ಕೇ ನೀವು ಕೂತಿದ್ದೀರಿ, ನನಗೆ ಗೊತ್ತು. ಆ ಸಂಜೆ ಭಜನೆಗೆ ಅನಸೂಯಾಬಾಯಿ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಯಾರು ಮುಟ್ಟಿಸಿದರು ಅಂತ ಕೇಳಬೇಡಿ. ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ಆಕೆ ಬಂದಳು. ಮುಂದಿನ ಸಾಲಿನ ಕಡೆ ನೋಡದೆ ಹಿಂದಿನ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಳು. ಈಗ ಯಾರಾದರೂ ಒಂದು ಮಾತು ಅಂತಾರೆ, ಮಜಾ ಇದೆ ಅಂತ ಕೆಲವರು ಕಿವಿ ಚುರುಕು ಮಾಡಿಕೊಂಡರು.

ಒಂದು ಅಭಂಗ ಮುಗಿಯಿತು. ನಡುವಿನ ಸಾಲಿನಿಂದ ಒಬ್ಬಳು ಎದ್ದು ಬಂದು ಆಕೆಯ ಪಕ್ಕ ಕೂತಳು. ತಾಳ ಹಾಕುತ್ತಲೇ ಕಿವಿಯಲ್ಲಿ, "ಬಾಯಾರ, ನನಗೂ ಬಿಪಿ. ನಾನೂ ಮಧ್ಯಾಹ್ನ ಹಾಲು ಕುಡದೀನಿ," ಅಂದಳು. ಎರಡನೇ ಅಭಂಗಕ್ಕೆ ಇನ್ನೊಬ್ಬಳು, ಎಳೆಯ ಸೊಸೆ. "ಮೂರು ತಿಂಗಳು ಆಗೇತ್ರಿ ನನಗ. ಅತ್ತಿಗೆ ಹೆದರಿ ಬಚ್ಚಲದಾಗ ನಿಂತು ಚಪಾತಿ ತಿಂದೆ." ಅವಳನ್ನು ನೋಡಿ ಮೂರನೆಯವಳು ಬಂದಳು. ನಾಲ್ಕನೆಯವಳು ಯಾರು ಗೊತ್ತೇ? ಆ ಸೊಸೆಯ ಅತ್ತೆ! ಅವಳು ತಿಂದದ್ದು ಮಂಡಕ್ಕಿ. ಆರತಿಯ ಹೊತ್ತಿಗೆ ಹಿಂದಿನ ಸಾಲು ತುಂಬಿ ಹೊರಗಿನ ಮೆಟ್ಟಿಲಿಗೆ ಬಂದಿತ್ತು. ಮುಂದಿನ ಸಾಲಿನಲ್ಲಿ ಉಳಿದವರು ಇಬ್ಬರೇ ಮುದುಕಿಯರು. ಅವರು ನಿಜವಾಗಿ ಹಸಿದು ಕೂತವರು. ತಾವು ಉಪವಾಸ ಇದ್ದೇವೆ ಅಂತ ಅವರು ಯಾವತ್ತೂ ಯಾರಿಗೂ ಹೇಳಿರಲಿಲ್ಲ.

ಲೆಕ್ಕ ನೋಡಿ ಈಗ. ಆ ಸಂಜೆ ಒಂದು ನಾಲಿಗೆ ಇಲ್ಲ ಅಂತ ಹಿತ್ತಲಲ್ಲಿ ಅಷ್ಟು ಒದ್ದಾಡಿದರು. ಓಣಿಯಲ್ಲಿ ಹತ್ತು ನಾಲಿಗೆ ಇದ್ದವು. ಎಲ್ಲವೂ ಬಾಗಿಲು ಹಾಕಿಕೊಂಡು ಕೂತಿದ್ದವು.

ಮರುದಿನ ಬೆಳಿಗ್ಗೆ ನಲ್ಲಿ ಬಂತು. ನಾಲ್ಕೂ ಮನೆಯವರು ಕೊಡ ಹಿಡಿದು ನಿಂತಿದ್ದರು. ಪಕ್ಕದ ಚಾಳಿನವರೂ ಸುಮ್ಮಸುಮ್ಮನೆ ಕೊಡ ಹಿಡಿದು ಬಂದಿದ್ದರು. ಅನಸೂಯಾಬಾಯಿ ಕೊನೆಗೆ ಬಂದಳು. ಸೋಹನಬಾಯಿಯ ಮುಂದೆ ನಿಂತು, "ನಿನ್ನ ಉಪಾಸಕ್ಕ ರೇಷನ್ ಉಳಿತಾಯ ಅಂದಿದ್ದೆ. ನನ್ನ ಬಾಯಿಗೆ ಬೆಂಕಿ ಹಾಕು," ಅಂದಳು. ಸೋಹನಬಾಯಿ ಬಳೆ ಮೇಲೆ ಸರಿಸಿಕೊಂಡು, "ಬೆಂಕಿ ಬ್ಯಾಡ. ನನ್ನ ಕೊಡ ಎತ್ತಿ ತಲಿ ಮ್ಯಾಲೆ ಇಡ್ರಿ, ನಿನ್ನೆ ನಾ ಉಂಡಿಲ್ಲ," ಅಂದಳು. ಈಕೆ ಎತ್ತಿ ಇಟ್ಟಳು. ಸಿಸಿಲಿಯಮ್ಮ, "ನಾಳೆ ಭಾನುವಾರ, ಮೀನು ಹುರೀತೀನಿ. ಕಿಟಕಿ ತಗದು ಇಡ್ತೀನಿ, ನೋಡಾಕ ಬರ್ರಿ," ಅಂದಳು. ಎಲ್ಲರೂ ನಕ್ಕರು. ಅನಸೂಯಾಬಾಯಿಯೂ ನಕ್ಕಳು.

ಆಗ ಹುಸೇನಬಿ ತುಂಬಿದ ಕೊಡ ಕೆಳಗಿಟ್ಟು ನೇರ ಆಕೆಯ ಎದುರಿಗೆ ಬಂದು ನಿಂತಳು. ಆಕೆ ಅಂದ ಮಾತು ಇದು, ಒಂದಕ್ಷರ ಕೂಡಿಸಿಲ್ಲ, ಕಳೆದಿಲ್ಲ:

"ಬಾಯಾರ, ಉಪಾಸ ಇದ್ದೀನಿ ಅಂತ ಇಷ್ಟು ವರ್ಷ ಓಣಿಗೆಲ್ಲ ಹೇಳಿದ್ರಿ. ಅದರಿಂದ ಒಬ್ಬರ ಹೊಟ್ಟಿನೂ ತುಂಬಲಿಲ್ಲ. ನಿನ್ನೆ ಒಂದ ಸಲ ಉಂಡೀನಿ ಅಂತ ಹೇಳಿದ್ರಿ, ಎರಡು ಹಂಡೆ ಮಂದಿ ಹೊಟ್ಟಿ ತುಂಬ ಕುಡಿದು ದುವಾ ಮಾಡಿದ್ರು. ಬರೋ ಜುಮ್ಮಾಕ್ಕೂ ಚೆಂದಾಗಿ ಉಂಡು ಬರ್ರಿ."

ನೀತಿ: ಉಪವಾಸ ಯಾವ ದೇವರದೇ ಆಗಲಿ, ಅದು ದೇವರಿಗೂ ನಮಗೂ ನಡುವಿನದು. ನೆರೆಯವರ ಎದುರು ಮೆರೆಯಲಿಕ್ಕೂ ಅಲ್ಲ, ನೆರೆಯವರನ್ನು ಅಳೆಯಲಿಕ್ಕೂ ಅಲ್ಲ. ಮಾಡಲು ಆಗದಿದ್ದರೆ ಆಗುವುದಿಲ್ಲ ಅನ್ನಿ, ಅದರಲ್ಲಿ ಪಾಪವಿಲ್ಲ. ಸುಳ್ಳು ಹೇಳಿ ಗಳಿಸಿದ ಹೆಸರನ್ನು ಪಕ್ಕದವಳ ಅನ್ನ ಉಳಿಸಲು ಬಿಟ್ಟುಕೊಟ್ಟರೆ, ಆ ದಿನದ ವ್ರತ ಅದೇ.